ತೂತು ಬಿದ್ದ ರೂಪಾಯಿ

ನಾಣ್ಯ ಸಂಗ್ರಹ ಅಂದ್ರೆ ರಿಟೈರ್ ಆದ ಮೇಷ್ಟ್ರುಗಳು ಮಾಡೋ ಕೆಲಸ ಅಂತ ನಮ್ಮ ಟೀಮಿನವರ ಅಭಿಪ್ರಾಯ. ನನಗಿನ್ನೂ 35 ದಾಟಿಲ್ಲ, ಆದರೂ ತಿಂಗಳಿಗೊಂದು ಭಾನುವಾರ ಅವೆನ್ಯೂ ರೋಡಿನ ಸಂದಿಗಳಲ್ಲಿ ಕಳೆದುಹೋಗುತ್ತೆ. ಹಳೇ ನಾಣ್ಯದ ವ್ಯಾಪಾರಿ ಕೊಡೋ ಚಹಾ ಕುಡಿದು, ಅವನ ಭೂತಗನ್ನಡಿ ಇಸ್ಕೊಂಡು, ತಾಮ್ರದ ಮೇಲಿನ ಸವೆದ ಅಕ್ಷರ ಓದೋದರಲ್ಲಿ ಒಂದು ಸುಖ ಇದೆ. ದಿನವಿಡೀ ಬೇರೆಯವರು ಬರೆದ ಕೋಡಲ್ಲಿ ತಪ್ಪು ಹುಡುಕೋನಿಗೆ ಇದೂ ಅದೇ ಥರದ ಕೆಲಸವೇ.

ಎರಡು ವರ್ಷದ ಹಿಂದೆ ಹೀಗೇ ಒಂದು ಟಿಪ್ಪು ಪೈಸೆ ತಗೊಂಡೆ. ಒಂದು ಮಗ್ಗುಲಲ್ಲಿ ಆನೆ, ಇನ್ನೊಂದು ಮಗ್ಗುಲಲ್ಲಿ ಪಾರ್ಸಿ ಅಕ್ಷರದಲ್ಲಿ ಟಂಕಸಾಲೆಯ ಹೆಸರು ಪಟನ್, ಅಂದ್ರೆ ನಮ್ಮ ಶ್ರೀರಂಗಪಟ್ಟಣ. ಟಿಪ್ಪುವಿನ ನಾಣ್ಯಗಳಿಗೆ ನಮ್ಮ ಹವ್ಯಾಸದವರು ಸುಮ್ಮನೆ ಬೀಳೋದಿಲ್ಲ. ಚಿನ್ನದ್ದಕ್ಕೆ ಅಹ್ಮದಿ, ಬೆಳ್ಳಿ ರೂಪಾಯಿಗೆ ಇಮಾಮಿ, ಎರಡು ರೂಪಾಯಿಗೆ ಹೈದರಿ ಅಂತ ಒಂದೊಂದಕ್ಕೂ ಹೆಸರು. ತಾಮ್ರಕ್ಕೆ ಬಂದರೆ ಆಕಾಶದ ಹೆಸರುಗಳು: ಜೊಹ್ರಾ ಅಂದ್ರೆ ಶುಕ್ರ, ಬಹ್ರಾಮ್ ಅಂದ್ರೆ ಮಂಗಳ, ಮುಷ್ತರಿ ಅಂದ್ರೆ ಗುರು, ಕುತ್ಬ್ ಅಂದ್ರೆ ಧ್ರುವ ನಕ್ಷತ್ರ. 1787ರಿಂದ ಅವನು ಮೌಲೂದಿ ಅನ್ನೋ ಹೊಸ ಶಕೆಯನ್ನೇ ಶುರು ಮಾಡಿ, ಇಸವಿಯ ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆಸಿದ. ಗೊತ್ತಿಲ್ಲದೆ ಓದಿದರೆ ತಾರೀಕೇ ಉಲ್ಟಾ.

ಆನೆಯನ್ನ ಆಫೀಸಿಗೆ ತಗೊಂಡು ಹೋಗಿ ಊಟದ ಹೊತ್ತಲ್ಲಿ ತೋರಿಸಿದೆ. ನಮ್ಮ ಟೀಮಲ್ಲಿ ಇನ್ನೊಬ್ಬ ಕೊಡಗಿನವನಿದ್ದಾನೆ, ಕೊಡವರ ಹುಡುಗ. ಅವನು ಅದನ್ನ ಅಂಗೈಯಲ್ಲಿಟ್ಟು ತೂಗಿ ನೋಡಿ ಹೇಳಿದ: "ಆನೆ ಚೆನ್ನಾಗಿದೆ ಮಾರಾಯ. ನಮ್ಮಜ್ಜಿ ಎದುರು ಮಾತ್ರ ತೋರಿಸಬೇಡ."

ಅಜ್ಜಿ ಯಾಕೆ ಬೇಡ ಅನ್ನೋದು ಕೊಡಗಿನ ಹೊರಗಿನವರಿಗೆ ಒಂದೆರಡು ಸಾಲಲ್ಲಿ ಹೇಳಬೇಕು. ಹೈದರನ ಕಾಲದಲ್ಲಿ ಕೊಡಗು ಮೈಸೂರಿನ ಕೈಗೆ ಹೋಯಿತು. ಜನ ಮತ್ತೆ ಮತ್ತೆ ದಂಗೆ ಎದ್ದರು. 1785ರಲ್ಲಿ ಟಿಪ್ಪು ಸೈನ್ಯ ತಂದು ದಂಗೆ ಅಡಗಿಸಿ, ಹೆಂಗಸರು ಮಕ್ಕಳ ಸಮೇತ ಕುಟುಂಬಗಳನ್ನೇ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟು ಜನ ಅನ್ನೋದರ ಬಗ್ಗೆ ಇವತ್ತಿಗೂ ಜಗಳ ಇದೆ. ಟಿಪ್ಪುವನ್ನ ಹೊಗಳಿ ಬರೆದ ಕಿರ್ಮಾನಿಯೇ 80,000 ಅಂತಾನೆ. ಆಗ ಕೊಡಗಲ್ಲಿ ಅಷ್ಟು ಜನವೇ ಇರಲಿಲ್ಲ ಅನ್ನೋ ಇತಿಹಾಸಕಾರರೂ ಇದ್ದಾರೆ. ಸಂಖ್ಯೆ ಏನೇ ಇರಲಿ, ಸಾಗಿಸಿದ್ದು ನಿಜ, ದೇವಟ್ಟಿಪರಂಬಿನ ನೆನಪು ಕೊಡವರ ಮನೆಗಳಲ್ಲಿ ಇನ್ನೂ ಇರೋದೂ ನಿಜ. 2015ರ ನವೆಂಬರಿನಲ್ಲಿ ಸರಕಾರ ಟಿಪ್ಪು ಜಯಂತಿ ಮಾಡಿದಾಗ ಮಡಿಕೇರಿಯಲ್ಲಿ ಗಲಭೆಯಾಗಿ ಸಾವಾಯಿತು. 2019ರಲ್ಲಿ ಇನ್ನೊಂದು ಸರಕಾರ ಜಯಂತಿ ನಿಲ್ಲಿಸಿತು. ಅದೇ ಟಿಪ್ಪು 4 ಮೇ 1799ರಂದು ಕಂಪನಿ ಸೈನ್ಯದ ಎದುರು ಹೋರಾಡುತ್ತಲೇ ಸತ್ತ. ಆ ಗೆಲುವಿಗೆ ಕಂಪನಿಯವರು ಸಿಂಹ ಹುಲಿಯನ್ನ ಕೆಡವಿ ಮೆಟ್ಟಿದ ಚಿತ್ರದ ಪದಕ ಮಾಡಿಸಿದರು. ಮೈಸೂರಿನ ಬಯಲಿಂದ ನೋಡಿದರೆ ಒಂದು ಟಿಪ್ಪು, ಕೊಡಗಿನ ಗುಡ್ಡದ ಮೇಲಿಂದ ನೋಡಿದರೆ ಇನ್ನೊಂದು. ನನ್ನ ಕೈಯಲ್ಲಿದ್ದ ಪೈಸೆ ಮಾತ್ರ ಒಂದೇ.

ನಾನು ಎಂಜಿನಿಯರ್ ಅಲ್ವಾ, ತಕ್ಷಣ ವಾದಕ್ಕೆ ನಿಂತೆ. ಒಂದು, ತಾಮ್ರ ಯಾರ ಕತ್ತೂ ಕುಯ್ದಿಲ್ಲ. ಎರಡು, ನಾನು ಕೊಟ್ಟ ದುಡ್ಡು ಟಿಪ್ಪುವಿನ ಖಜಾನೆಗೆ ಹೋಗಲ್ಲ, ಅವೆನ್ಯೂ ರೋಡಿನ ವ್ಯಾಪಾರಿಯ ಮಗಳ ಫೀಸಿಗೆ ಹೋಗುತ್ತೆ. ಮೂರು, ದಬ್ಬಾಳಿಕೆ ಮಾಡದ ರಾಜನ ನಾಣ್ಯ ಮಾತ್ರ ಇಟ್ಕೋತೀನಿ ಅಂತ ಕೂತರೆ ಆಲ್ಬಮ್ಮೇ ಖಾಲಿ.

ಅವನು ಸೌತೆಕಾಯಿ ತಿನ್ನುತ್ತಾ ಎಲ್ಲ ಕೇಳಿಸ್ಕೊಂಡು, "ನಾನು ಬಿಸಾಡು ಅನ್ನಲಿಲ್ಲ. ಆಲ್ಬಮ್ಮಲ್ಲಿ ಇದರ ಕೆಳಗೆ ಏನು ಬರೆದಿದ್ದೀಯ?" ಅಂದ.

ಬರೆದದ್ದು ಇಷ್ಟು: ಟಿಪ್ಪು ಸುಲ್ತಾನ್, ಪಟನ್, ತಾಮ್ರ, ವೆರಿ ಫೈನ್. ಪಕ್ಕದಲ್ಲಿ ಪೆನ್ಸಿಲಲ್ಲಿ ಕೊಂಡ ಬೆಲೆ.

ಅವತ್ತು ರಾತ್ರಿ ಮನೇಲಿ ಇಡೀ ಆಲ್ಬಮ್ ತೆಗೆದು ನೋಡಿದೆ. ಎಲ್ಲ ಚೀಟಿಗಳೂ ಹೀಗೇ ಇದ್ದವು. ರಾಜ, ಲೋಹ, ದರ್ಜೆ, ಬೆಲೆ. ನಾಣ್ಯ ಹಿಡಿದವರ ಸುದ್ದಿ ಒಂದು ಚೀಟಿಯಲ್ಲೂ ಇರಲಿಲ್ಲ. ಆಗ ನನ್ನ ಕಣ್ಣಿಗೆ ಬಿದ್ದದ್ದು 1835ರ ವಿಲಿಯಂ ರೂಪಾಯಿ.

ಇದು ಸಂಗ್ರಹಕಾರರು ಮೊದಲಿಗೇ ಕೊಳ್ಳುವ ನಾಣ್ಯಗಳಲ್ಲೊಂದು. ಅಲ್ಲಿವರೆಗೆ ಒಂದೊಂದು ಪ್ರೆಸಿಡೆನ್ಸಿಗೆ ಒಂದೊಂದು ಥರ ಇದ್ದ ರೂಪಾಯಿಯನ್ನ ಕಂಪನಿ 1835ರ ಕಾನೂನಿನಿಂದ ಒಂದೇ ಮಾಡಿತು: 180 ಗ್ರೇನ್ ತೂಕ, ಅಂದ್ರೆ ಸುಮಾರು 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಒಂದು ಕಡೆ ನಾಲ್ಕನೇ ವಿಲಿಯಂನ ಮುಖ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು. ನನ್ನ ಚೀಟಿಯಲ್ಲಿ "ಮೊದಲ ಏಕರೂಪ ರೂಪಾಯಿ" ಅಂತ ಹೆಮ್ಮೆಯಿಂದ ಬರೆದಿದ್ದೆ.

ನಮ್ಮದು ಅರೆಭಾಷೆ ಗೌಡರ ಮನೆ. ಮೂಲ ಸುಳ್ಯದ ಕಡೆ. ಅಜ್ಜನ ಅಪ್ಪ ಗುಡ್ಡ ಹತ್ತಿ ಬಂದು ತೋಟ ಮಾಡಿದವರು. ಚಿಕ್ಕಂದಿನಲ್ಲಿ ಹಿರಿಯರು "ಕಲ್ಯಾಣಪ್ಪನ ಕಾಟಕಾಯಿ" ಅಂತ ಮಾತಾಡೋದನ್ನ ಕೇಳಿದ್ದೆ. ಯಾವುದೋ ದರೋಡೆಕೋರರ ಕಥೆ ಅಂದುಕೊಂಡಿದ್ದೆ. ಅದು 1837ರ ದಂಗೆ ಅಂತ ತಿಳಿದದ್ದು ಇಂಜಿನಿಯರಿಂಗ್ ಮುಗಿಸಿದ ಮೇಲೆ.

1834ರ ಏಪ್ರಿಲಿನಲ್ಲಿ ಕಂಪನಿ ಚಿಕ್ಕವೀರರಾಜೇಂದ್ರನನ್ನ ಇಳಿಸಿ ಕೊಡಗನ್ನ ತಗೊಂಡಿತು. ಮಾಸ್ತಿಯವರ ಕಾದಂಬರಿ ಓದಿದವರಿಗೆ ಆ ರಾಜನ ಕ್ರೌರ್ಯ ಗೊತ್ತು. ಅವನು ಹೋದದ್ದಕ್ಕೆ ಅತ್ತವರು ಕಡಿಮೆ. ಆದರೆ ಬಂದವರು ಮಾಡಿದ್ದೇನು? ಅಮರ ಸುಳ್ಯ, ಪುತ್ತೂರು ಸೀಮೆಗಳನ್ನ ಕೊಡಗಿಂದ ಕತ್ತರಿಸಿ ದಕ್ಷಿಣ ಕನ್ನಡಕ್ಕೆ ಸೇರಿಸಿದರು. ರಾಜರ ಕಾಲದಲ್ಲಿ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನ ಇನ್ಮೇಲೆ ನಗದಾಗಿ ಕೊಡಿ ಅಂದರು. ಭತ್ತ ಬೆಳೆಯೋನ ಮನೇಲಿ ಭತ್ತ ಇರುತ್ತೆ, ರೂಪಾಯಿ ಎಲ್ಲಿಂದ ಬರಬೇಕು? ಕಂದಾಯದ ಗಡುವು ಬಂತು ಅಂದ್ರೆ ಸಿಕ್ಕ ಬೆಲೆಗೆ ಬೆಳೆ ಮಾರಬೇಕು, ಇಲ್ಲ ಸಾಲ ಎತ್ತಬೇಕು. 1837ರ ಏಪ್ರಿಲಿನಲ್ಲಿ ದಂಗೆ ಎದ್ದು ಮಂಗಳೂರಿನವರೆಗೆ ಹೋದವರ ಸಿಟ್ಟಿಗೆ ರಾಜನ ಮೇಲಿನ ಪ್ರೀತಿಯೊಂದೇ ಕಾರಣ ಅಲ್ಲ. ಈ ಬೆಳ್ಳಿಯ ಬಿಲ್ಲೆಯೂ ಒಂದು ಕಾರಣ. 31 ಅಕ್ಟೋಬರ್ 1837ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಇವತ್ತು ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ, ಬಸ್ಸಿಂದ ಇಳಿದು ಎಷ್ಟೋ ಸಲ ಅದರ ಪಕ್ಕದಲ್ಲೇ ನಡೆದುಹೋಗಿದ್ದೇನೆ.

ಗೆಳೆಯನ ಅಜ್ಜಿಯ ನೋವು ನನಗೆ ಹೊರಗಿನ ವಿಷಯ ಅಂತ ವಾದ ಮಾಡಿದ್ದೆ. ನನ್ನ ಸ್ವಂತ ಅಜ್ಜಂದಿರ ಕೊರಳಿಗೆ ಸುತ್ತಿಕೊಂಡ ನಾಣ್ಯಕ್ಕೂ ನಾನು ಬರೆದದ್ದು ಲೋಹ, ತೂಕ, ದರ್ಜೆ.

ಈ ಕಥೆಗೆ ಒಂದು ಪದಕವೂ ಇದೆ. ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಚಿನ್ನ ಮತ್ತು ಬೆಳ್ಳಿಯ ಪದಕ ಕೊಟ್ಟಿತು. ಒಂದು ಮಗ್ಗುಲಲ್ಲಿ ಕತ್ತಿ ಎತ್ತಿದ ಕೊಡಗಿನ ಯೋಧ, ಸುತ್ತ ಕನ್ನಡ ಅಕ್ಷರ. ಇನ್ನೊಂದು ಮಗ್ಗುಲಲ್ಲಿ ಬ್ರಿಟಿಷ್ ಸರಕಾರಕ್ಕೆ ತೋರಿದ ನಿಷ್ಠೆಗೆ ಅಂತ ಇಂಗ್ಲಿಷಿನಲ್ಲಿ, ಕೆಳಗೆ ಏಪ್ರಿಲ್ 1837. ಹರಾಜಿಗೆ ಬಂದರೆ ದೊಡ್ಡ ಬೆಲೆ. ಕನ್ನಡ ಅಕ್ಷರ ಇರೋ ಬ್ರಿಟಿಷ್ ಪದಕ ಅನ್ನೋ ಒಂದೇ ಕಾರಣಕ್ಕೆ ನನಗೂ ಆಸೆ ಇತ್ತು. ಈಗ ಯೋಚನೆ ಮಾಡಿದರೆ, ನನ್ನ ಗೆಳೆಯನ ಕಡೆಯವರ ಯಾರದೋ ಮನೆಯ ಪೆಟ್ಟಿಗೆಯಲ್ಲಿ ಅದು ಗೌರವದ ವಸ್ತು, ನಮ್ಮ ಕಡೆಯವರಿಗೆ ಗಲ್ಲಿನ ನೆನಪು. ಇದನ್ನ ಅವನಿಗೆ ಹೇಳಿದೆ. "ಹಾಗಾದ್ರೆ ಲೆಕ್ಕ ಚುಕ್ತಾ" ಅಂತ ನಕ್ಕ. ಚುಕ್ತಾ ಆಗಲಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಸ್ವಲ್ಪ ದಿನ ಬೇರೆ ದೇಶದವರು ಏನು ಮಾಡ್ತಾರೆ ಅಂತ ಓದಿದೆ. ಇಂಗ್ಲೆಂಡಿನ 17ನೇ ಶತಮಾನದ ಚಿನ್ನದ ಗಿನಿಯಲ್ಲೂ ಒಂದು ಆನೆ ಇದೆ, ರಾಜನ ತಲೆಯ ಕೆಳಗೆ ಪುಟ್ಟದಾಗಿ. ಅದು ರಾಯಲ್ ಆಫ್ರಿಕನ್ ಕಂಪನಿಯ ಗುರುತು. ಚಿನ್ನ ಆಫ್ರಿಕಾದ ಕರಾವಳಿಯಿಂದ ಬಂದದ್ದು. ಅದೇ ಕಂಪನಿಯ ಹಡಗುಗಳು ಅದೇ ಕರಾವಳಿಯಿಂದ ಮನುಷ್ಯರನ್ನೂ ತುಂಬಿಕೊಂಡು ಹೋಗಿ ಮಾರಿದವು. ಬೆಲ್ಜಿಯಂನ ಲಿಯೋಪೋಲ್ಡ್ ರಾಜ 1885ರಿಂದ 1908ರವರೆಗೆ ಕಾಂಗೋವನ್ನ ತನ್ನ ಸ್ವಂತ ಆಸ್ತಿ ಮಾಡ್ಕೊಂಡಿದ್ದ. ಅವನು ಹೊರಡಿಸಿದ ತಾಮ್ರದ ಸೆಂಟೀಮುಗಳ ಮಧ್ಯೆ ಚಂದದ ತೂತು, ಸುತ್ತ ನಕ್ಷತ್ರ. ರಬ್ಬರ್ ತರಲಿಲ್ಲ ಅಂತ ಕೈ ಕಡಿಸಿಕೊಂಡ ಜನರ ದೇಶದ ನಾಣ್ಯ ಅದು. ಜರ್ಮನಿಯಲ್ಲಿ ನಾಜಿ ಚಿಹ್ನೆಯನ್ನ ಸಾರ್ವಜನಿಕವಾಗಿ ತೋರಿಸೋದು ಅಪರಾಧ; ಅಧ್ಯಯನಕ್ಕೆ, ಪಾಠಕ್ಕೆ ಮಾತ್ರ ವಿನಾಯಿತಿ. ಅಂದ್ರೆ ಆ ಕಾನೂನು ನೋಡೋದು ವಸ್ತುವನ್ನಷ್ಟೇ ಅಲ್ಲ, ಯಾಕೆ ತೋರಿಸ್ತೀಯ ಅನ್ನೋದನ್ನೂ.

ನಮ್ಮ ಕಾನೂನಿನ ಗಮನ ಬೇರೆ ಕಡೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ 1878ರ ಕಾಯ್ದೆ ಪ್ರಕಾರ ಕಲೆಕ್ಟರಿಗೆ ತಿಳಿಸಬೇಕು. ನಾಣ್ಯ ಎಲ್ಲಿಗೆ ಹೋಗಬಾರದು, ಎಲ್ಲಿ ಸಿಕ್ಕಿತು ಅಂತ ಕಾನೂನು ಕೇಳುತ್ತೆ. ಯಾರ ಕೈಯಿಂದ ಹೇಗೆ ಬಂತು ಅನ್ನೋದು ಸಂಗ್ರಹಕಾರನೇ ಕೇಳ್ಕೋಬೇಕಾದ ಪ್ರಶ್ನೆ.

ಇಷ್ಟು ದೂರ ಹೋಗಿ ಬಂದ ಮೇಲೆ ಪ್ರಶ್ನೆ ಮನೆ ಬಾಗಿಲಿಗೇ ಬಂತು.

ನಮ್ಮ ತೋಟ ದಕ್ಷಿಣ ಕೊಡಗಿನಲ್ಲಿ. ಹೋದ ವರ್ಷ ಕಾಫಿ ಕೊಯ್ಲಿಗೆ ರಜೆ ಹಾಕಿ ಹೋದಾಗ ಅಟ್ಟ ಗುಡಿಸುತ್ತಿದ್ದೆ. ಅಜ್ಜನ ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಹತ್ತಿಪ್ಪತ್ತು ಬೆಳ್ಳಿ ರೂಪಾಯಿ, ಮೂರು ಲೆಕ್ಕದ ಪುಸ್ತಕ. ನನಗೆ ಖುಷಿಯೋ ಖುಷಿ. ಒಂದೊಂದೇ ಒರೆಸಿ ಸಾಲಾಗಿ ಜೋಡಿಸಿದೆ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್. 1911ರದ್ದು ಇದೆಯಾ ಅಂತ ಹುಡುಕಿದೆ. ಆ ವರ್ಷದ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಥರ ಕಾಣುತ್ತೆ ಅಂತ ಜನ ಗಲಾಟೆ ಮಾಡಿ, ಮರುವರ್ಷ ಚಿತ್ರವನ್ನೇ ತಿದ್ದಿದ್ದರು. ಅದು ಇರಲಿಲ್ಲ. ಇದ್ದದ್ದು 1918ರದ್ದೊಂದು, ರಾಜನ ಕಿರೀಟದ ಮೇಲೆ ತೂತು ಕೊರೆದದ್ದು. ತೂತಿನ ಅಂಚು ದಾರ ಉಜ್ಜಿ ಉಜ್ಜಿ ನುಣ್ಣಗಾಗಿತ್ತು.

ತೂತು ಬಿದ್ದ ನಾಣ್ಯಕ್ಕೆ ಮಾರುಕಟ್ಟೆಯಲ್ಲಿ ಮರ್ಯಾದೆ ಇಲ್ಲ. ವ್ಯಾಪಾರಿ ಮುಖ ಕೂಡ ನೋಡದೆ ತಕ್ಕಡಿಗೆ ಹಾಕ್ತಾನೆ, ಬೆಳ್ಳಿ ಬೆಲೆ ಮಾತ್ರ. ನಾನೂ ಅದನ್ನ ಪಕ್ಕಕ್ಕೆ ಸರಿಸಿದೆ.

ಜಗಲಿಯಲ್ಲಿ ಅಡಿಕೆ ಕೆರೆಯುತ್ತಾ ಕೂತಿದ್ದ ಅಜ್ಜಿ ಅದನ್ನೇ ಎತ್ತಿಕೊಂಡರು. "ಇದು ನಮ್ಮದಲ್ಲ ಮಗಾ. ಲೈನಿನ ಹೆಂಗಸಿನದ್ದು. ಆಟಿ ತಿಂಗಳಲ್ಲಿ ಅಕ್ಕಿಗೆ ಅಂತ ಇಟ್ಟು ಹೋದದ್ದು. ನಿನ್ನ ಅಪ್ಪ ಆಗ ಶಾಲೆಗೆ ಹೋಗ್ತಿದ್ದ."

"ಬಿಡಿಸ್ಕೊಂಡು ಹೋಗಲಿಲ್ವಾ?"

"ಎಲ್ಲಿಂದ ಬಿಡಿಸ್ತಾಳೆ?"

ಲೆಕ್ಕದ ಪುಸ್ತಕ ತೆಗೆದೆ. 1968ರ ಆಟಿ. ಅಜ್ಜನ ಮುದ್ದಾದ ಅಕ್ಷರದಲ್ಲಿ ಆ ಹೆಂಗಸಿನ ಹೆಸರು, ಬೆಳ್ಳಿ ರೂಪಾಯಿ ಒಂದು ಅಡ, ಅಕ್ಕಿ ನಾಲ್ಕು ಸೇರು. ಬೇರೆ ಸಾಲುಗಳ ಮೇಲೆ ತೀರಿತು ಅಂತ ಗೀಟು ಎಳೆದಿತ್ತು. ಇದರ ಮೇಲೆ ಇರಲಿಲ್ಲ. ಅದೇ ಹೆಸರು ಮುಂದಿನ ಪುಟಗಳಲ್ಲೂ ಬರುತ್ತೆ: ಮದುವೆಗೆ ಮುಂಗಡ, ಔಷಧಿಗೆ ಮುಂಗಡ, ಮಗನ ಹೆಸರಿನಲ್ಲಿ ಮುಂಗಡ. ನಮ್ಮ ಲೈನ್ ಮನೆಗಳಲ್ಲಿ ಇದ್ದವರು ಎರವರು, ತಮ್ಮನ್ನ ತಾವು ರಾವುಲ ಅಂತ ಕರೆದುಕೊಳ್ಳುವವರು. ಮುಂಗಡ ತೀರುವವರೆಗೆ ಬೇರೆ ತೋಟಕ್ಕೆ ಹೋಗುವ ಹಾಗಿರಲಿಲ್ಲ. ನಮ್ಮ ಕಡೆ ಅದನ್ನ ಯಾರೂ ಜೀತ ಅಂತ ಕರೆದದ್ದು ನಾನು ಕೇಳಿಲ್ಲ. "ನಮ್ಮ ಆಳುಗಳು" ಅನ್ನೋದಷ್ಟೇ ಮಾತು.

ಗುಲಾಮಗಿರಿಯನ್ನ ಕೋರ್ಟುಗಳು ಮಾನ್ಯ ಮಾಡಬಾರದು ಅಂತ ಕಂಪನಿ 1843ರಲ್ಲೇ ಕಾನೂನು ಮಾಡಿತ್ತು. ಸ್ವತಂತ್ರ ಭಾರತ 1976ರಲ್ಲಿ ಜೀತ ಪದ್ಧತಿ ರದ್ದು ಮಾಡಿತು. ಆ ಕಾಯ್ದೆಯನ್ನ ನಾನು ಮೊದಲ ಸಲ ಓದಿದ್ದು ಅವತ್ತು ರಾತ್ರಿ, ಅಟ್ಟದ ಮೇಲೆ ಮಾತ್ರ ಸಿಗ್ನಲ್ ಸಿಗೋದ್ರಿಂದ ಅಲ್ಲೇ ಕೂತು. ಜೀತದ ಸಾಲ ಪೂರ್ತಿ ರದ್ದು ಅಂತ ಅದು ಹೇಳುತ್ತೆ. ಆ ಸಾಲಕ್ಕಾಗಿ ಅಡವಿಟ್ಟ ಆಸ್ತಿ ಸಾಲ ಕೊಟ್ಟವನ ಹತ್ತಿರ ಇದ್ದರೆ ಹಿಂದಿರುಗಿಸಬೇಕು ಅಂತಲೂ ಹೇಳುತ್ತೆ. ಆ ಹೆಂಗಸು ಕಾನೂನಿನ ಅರ್ಥದಲ್ಲಿ ಜೀತದಾಳೋ ಅಲ್ಲವೋ ಅಂತ ವಕೀಲರು ವಾದ ಮಾಡಬಹುದು. ನನಗೆ ವಾದ ಬೇಕಿರಲಿಲ್ಲ. ಅರ್ಧ ಶತಮಾನದಿಂದ ನಮ್ಮ ಪೆಟ್ಟಿಗೆಯಲ್ಲಿ ಇನ್ನೊಬ್ಬರ ಕೊರಳಿನ ನಾಣ್ಯ ಇತ್ತು. ದಬ್ಬಾಳಿಕೆಯ ಆಡಳಿತ ಅಂದ್ರೆ ನಾನು ಶ್ರೀರಂಗಪಟ್ಟಣದಲ್ಲಿ, ಕಲ್ಕತ್ತೆಯಲ್ಲಿ, ಕಾಂಗೋದಲ್ಲಿ ಹುಡುಕುತ್ತಿದ್ದೆ. ಒಂದು ಕಛೇರಿ ನಮ್ಮ ಜಗಲಿಯಲ್ಲೇ ನಡೆಯುತ್ತಿತ್ತು. ಆ ಅಜ್ಜನ ತೊಡೆ ಮೇಲೆ ಕೂತೇ ನಾನು ಮಗ್ಗಿ ಕಲಿತದ್ದು.

ಬೆಳಗ್ಗೆ ಅಪ್ಪನಿಗೆ ಹೇಳಿದೆ, ರೂಪಾಯಿ ವಾಪಸ್ ಕೊಡ್ತೀನಿ ಅಂತ. "ಕೊಡು, ಅದಕ್ಕೇನು" ಅಂದರು. ಪುಸ್ತಕವನ್ನೂ ತೋರಿಸ್ತೀನಿ ಅಂದಾಗ ಮುಖ ಗಂಟಾಯಿತು. "ಪುಸ್ತಕ ಯಾಕೆ? ಅದರಲ್ಲಿ ನಿನ್ನಜ್ಜ ಔಷಧಿಗೆ ದುಡ್ಡು ಕೊಟ್ಟದ್ದೂ ಇದೆ, ಅದನ್ನ ಯಾರು ಓದ್ತಾರೆ? ನೀನು ಬೆಂಗಳೂರಿಗೆ ಹೋಗ್ತೀಯ. ಇಲ್ಲಿ ಮುಖ ಕೊಟ್ಟು ಮಾತಾಡಬೇಕಾದವನು ನಾನು." ಅವರ ಮಾತಲ್ಲೂ ಸತ್ಯ ಇತ್ತು. ಅಜ್ಜ ಕೆಟ್ಟವರಲ್ಲ. ಕೆಟ್ಟವರಲ್ಲದ ಸಾವಿರ ಜನ ಸೇರಿಯೇ ಆ ವ್ಯವಸ್ಥೆ ನಡೆದದ್ದು.

ಆ ಹೆಂಗಸಿನ ಮೊಮ್ಮಗ ಈಗ ನಮ್ಮ ಲೈನಿನಲ್ಲಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತುಹಾಕಿದ್ದು ನಿಮಗೆ ನೆನಪಿರಬಹುದು. ಲೈನ್ ಮನೆ ಬಿಟ್ಟು ಸ್ವಂತ ನೆಲ ಬೇಕು ಅಂತ ಹೋದವರು ಅಲ್ಲಿ ತುಂಬಾ ಜನ ಇದ್ದರು. ಇವನೂ ಅವರಲ್ಲಿ ಒಬ್ಬ. ಹತ್ತನೇ ಕ್ಲಾಸ್ ಓದಿ ಈಗ ಗಾರೆ ಕೆಲಸ ಮಾಡ್ತಾನೆ. ನನಗಿಂತ ಎರಡು ವರ್ಷ ಚಿಕ್ಕವನು, ಚಿಕ್ಕಂದಿನಲ್ಲಿ ಒಟ್ಟಿಗೆ ಏಡಿ ಹಿಡಿದಿದ್ದೇವೆ. ಅವನ ಅಜ್ಜಿ ನಮ್ಮಜ್ಜನನ್ನ ಒಡೆಯ ಅನ್ನುತ್ತಿದ್ದರಂತೆ. ಅವನು ನನ್ನನ್ನ ಅಣ್ಣ ಅಂತಾನೆ.

ರೂಪಾಯಿ ಕೈಗೆ ಕೊಟ್ಟೆ. ತೂತಿನಲ್ಲಿ ಕಣ್ಣಿಟ್ಟು ನೋಡಿದ. "ನಮ್ಮಜ್ಜಿದು ಅಂತ ಹೇಗೆ ಗೊತ್ತು ಅಣ್ಣ?"

ಚೀಲದಿಂದ ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಬೆರಳಿಟ್ಟು ನಿಧಾನ ಓದಿದ. ಹೆಸರಿನ ಹತ್ತಿರ ಬೆರಳು ನಿಂತಿತು. ರೂಪಾಯಿಯನ್ನ ಜೇಬಿಗೆ ಹಾಕಿ ಮೊಬೈಲ್ ತೆಗೆದು ಪುಟದ ಫೋಟೋ ಹೊಡೆದ. ಮುಂದಿನ ಪುಟದ್ದೂ, ಅದರ ಮುಂದಿನದ್ದೂ.

"ನಮ್ಮಜ್ಜಿ ಹೆಸರು ಇರೋ ಕಾಗದ ನಮ್ಮ ಹತ್ರ ಒಂದೂ ಇಲ್ಲ. ಅವಳು ಇಲ್ಲಿದ್ದಳು ಅಂತ ಬರೆದದ್ದು ಇದೊಂದೇ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಪುಸ್ತಕ ನಿಮಗೆ ಬೇಕಾ ಅಣ್ಣ?" ಅಂತ ಕೇಳಿದ.

ಅಪ್ಪನ ಮುಖ ನೆನಪಾಯಿತು. ಮನೇಲಿ ಕೇಳಿ ಹೇಳ್ತೀನಿ ಅಂದೆ. ಅವನು ಆಯ್ತು ಅಂದ, ಆ "ಆಯ್ತು" ಅವರ ಮನೆಯವರು ತಲೆತಲಾಂತರದಿಂದ ನಮ್ಮ ಮನೆಯವರಿಗೆ ಹೇಳಿದ ಥರದ್ದೇ ಇತ್ತು. ಪುಸ್ತಕ ಇನ್ನೂ ನಮ್ಮ ಅಟ್ಟದ ಮೇಲೇ ಇದೆ. ಈ ಬರಹ ಅಪ್ಪ ಓದುತ್ತಾರೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಾಣ್ಯ ಸಂಗ್ರಹ ನಾನು ಬಿಟ್ಟಿಲ್ಲ. ಟಿಪ್ಪುವಿನ ಆನೆ ಆಲ್ಬಮ್ಮಲ್ಲೇ ಇದೆ. ವಿಲಿಯಂ ಕೂಡ ಇದ್ದಾನೆ. ಕರಗಿಸಿದರೆ, ಬಿಸಾಡಿದರೆ ಯಾರ ನೋವೂ ಕಡಿಮೆ ಆಗಲ್ಲ, ಸಾಕ್ಷಿ ಒಂದು ಕಡಿಮೆ ಆಗುತ್ತೆ ಅಷ್ಟೆ. ಬದಲಾದದ್ದು ಎರಡು. ಕೊಳ್ಳುವಾಗ ಇದು ಯಾವ ಮನೆಯಿಂದ, ಹೇಗೆ ಬಂತು ಅಂತ ಕೇಳ್ತೀನಿ. ವ್ಯಾಪಾರಿ ತಡವರಿಸಿದರೆ ಚಹಾ ಕುಡಿದು ಎದ್ದು ಬರ್ತೀನಿ. ಇನ್ನೊಂದು, ಚೀಟಿಗಳನ್ನೆಲ್ಲ ಮತ್ತೆ ಬರೀತಿದ್ದೀನಿ. ಆನೆಯ ಕೆಳಗೆ ಈಗ 1785 ಅಂತಲೂ ಇದೆ, 1799 ಅಂತಲೂ ಇದೆ. ಮೊದಲನೆಯದನ್ನ ಬರೆದದ್ದು ನಾನಲ್ಲ, ನನ್ನ ಗೆಳೆಯ, ಅವನ ಕೈಬರಹದಲ್ಲೇ. ವಿಲಿಯಂನ ಕೆಳಗೆ, ಭತ್ತ ಮಾರಿ ಈ ರೂಪಾಯಿ ತನ್ನಿ ಅಂದ ಸರಕಾರದ ಕಥೆ ನಾಲ್ಕು ಸಾಲು.

1918ರ ಜಾಗ ಖಾಲಿ ಬಿಟ್ಟಿದ್ದೀನಿ. ಅಲ್ಲಿ ನಾಣ್ಯ ಇಲ್ಲ, ಚೀಟಿ ಮಾತ್ರ ಇದೆ: ಬೆಳ್ಳಿ, 11.66 ಗ್ರಾಂ, ತೂತು. ನಾಲ್ಕು ಸೇರು ಅಕ್ಕಿಗೆ ನಮ್ಮ ಮನೆಗೆ ಬಂದದ್ದು. ವಾಪಸ್ ಕೊಡಲಾಗಿದೆ. ಪುಸ್ತಕ ಬಾಕಿ.